ಓದುಗರ ಪ್ರಶ್ನೆ, ನಮ್ಮ ಉತ್ತರ: ಅಲ್ಮೇರಾದಿಂದ ಪಾಟಿಚೀಲಕ್ಕೆ

ಶಾಲಾ ಗ್ರಂಥಾಲಯದ ಕುರಿತು ತಮ್ಮ ಅನುಭವ ಮತ್ತು ಸಂದೇಹಗಳನ್ನು ಬರೆದು ಕಳುಹಿಸುವಂತೆ ಕಳೆದ ತಿಂಗಳು ಈ ಅಂಕಣದಲ್ಲಿ ಓದುಗರನ್ನು ಕೇಳಿದ್ದೆವು. ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಿಂದ ಬಂದ ಪತ್ರಗಳೇ ಹೆಚ್ಚಾಗಿದ್ದುದರಿಂದ ಈ ಸಲ ಅವುಗಳಿಗಷ್ಟೇ ಉತ್ತರಿಸುತ್ತಿದ್ದೇನೆ. ಕೊಪ್ಪಳ ಜಿಲ್ಲೆಯ ಶಾಲೆಗಳಲ್ಲಿ 29 ವರ್ಷ ಕನ್ನಡ ಕಲಿಸಿ, ಅದರ ಬಹುಪಾಲು ಅವಧಿಯಲ್ಲಿ ಗ್ರಂಥಾಲಯದ ಹೊಣೆಯನ್ನೂ ಹೊತ್ತಿದ್ದ ನನಗೆ ಈ ಪತ್ರಗಳಲ್ಲಿರುವ ಸಂಕಟಗಳು ಹೊಸವಲ್ಲ.

ಪ್ರಶ್ನೆ: ನಮ್ಮದು ಸಿಂಧನೂರು ತಾಲ್ಲೂಕಿನ ಹಿರಿಯ ಪ್ರಾಥಮಿಕ ಶಾಲೆ. ಮುಖ್ಯಗುರುಗಳ ಕೋಣೆಯ ಅಲ್ಮೇರಾದಲ್ಲಿ 400ಕ್ಕೂ ಹೆಚ್ಚು ಪುಸ್ತಕಗಳಿವೆ. ಮಕ್ಕಳಿಗೆ ಕೊಟ್ಟರೆ ಹರಿಯುತ್ತಾರೆ, ಕಳೆಯುತ್ತಾರೆ, ತಪಾಸಣೆಗೆ ಬಂದವರಿಗೆ ಉತ್ತರ ಹೇಳಬೇಕಾದವರು ನಾವು ಎಂಬ ಕಾರಣಕ್ಕೆ ಅದಕ್ಕೆ ಸದಾ ಕೀಲಿ ಬಿದ್ದಿರುತ್ತದೆ. ಐದನೆಯ ತರಗತಿಯ ಅರ್ಧದಷ್ಟು ಮಕ್ಕಳು ಪಠ್ಯಪುಸ್ತಕವನ್ನೇ ತಡವರಿಸಿ ಓದುತ್ತಾರೆ. ಹೀಗಿರುವಾಗ ಕಥೆಪುಸ್ತಕಗಳಿಂದ ಕಲಿಕೆಗೆ ನಿಜವಾಗಿ ಉಪಯೋಗವಾಗುತ್ತದೆಯೇ?
— ಒಬ್ಬ ಸಹಶಿಕ್ಷಕಿ

ಉತ್ತರ: ತಡವರಿಸಿ ಓದುವ ಮಕ್ಕಳಿಗೇ ಕಥೆಪುಸ್ತಕಗಳ ಅಗತ್ಯ ಉಳಿದವರಿಗಿಂತ ಹೆಚ್ಚು. ಅದು ಏಕೆಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪಠ್ಯಪುಸ್ತಕದ ಪಾಠವನ್ನು ಶಿಕ್ಷಕರು ಮೊದಲು ತಾವೇ ಓದುತ್ತಾರೆ, ಇಡೀ ತರಗತಿ ದನಿಗೂಡಿಸಿ ಹೇಳುತ್ತದೆ, ಮರುದಿನ ಮತ್ತೆ ಹೇಳುತ್ತದೆ. ನಾಲ್ಕನೆಯ ದಿನಕ್ಕೆ ಹಿಂದಿನ ಸಾಲಿನ ಹುಡುಗ ಪುಟದ ಕಡೆ ನೋಡದೆಯೂ ಆ ಪಾಠವನ್ನು ಒಪ್ಪಿಸಬಲ್ಲ. ಅವನು ಒಪ್ಪಿಸುತ್ತಿರುವುದು ಕಿವಿಯಿಂದ ಕಲಿತದ್ದನ್ನೇ ಹೊರತು ಕಣ್ಣಿನಿಂದ ಓದಿದ್ದನ್ನಲ್ಲ, ಆದರೆ ನಮಗೆ ಆ ವ್ಯತ್ಯಾಸ ತಿಳಿಯುವುದೇ ಇಲ್ಲ. ಹಿಂದೆಂದೂ ಕೇಳಿರದ ಪುಸ್ತಕವೊಂದು ಕೈಗೆ ಬಂದಾಗಲೇ ಮಗು ಅಕ್ಷರಗಳನ್ನು ತಾನೇ ಕೂಡಿಸಿಕೊಳ್ಳಬೇಕಾಗುತ್ತದೆ, ಮತ್ತು ಆ ಕೆಲಸವನ್ನು ಮಾಡುತ್ತ ಮಾಡುತ್ತಲೇ ಓದು ಕೂಡಿಬರುತ್ತದೆ. ಒಂದೊಂದೇ ಅಕ್ಷರ ಹೇಳಿಕೊಂಡು, ಒತ್ತಕ್ಷರ ಬಂದಲ್ಲಿ ನಿಂತು, ವಾಕ್ಯದ ಕೊನೆ ಮುಟ್ಟುವ ಹೊತ್ತಿಗೆ ಅದರ ಮೊದಲು ಏನಿತ್ತು ಎಂಬುದೇ ಮರೆತುಹೋಗುವ ಮಗುವಿಗೆ ವಿಜ್ಞಾನದ ಪಾಠವನ್ನು ಎಷ್ಟು ಸಲ ವಿವರಿಸಿದರೂ ತಲೆಗೆ ಹತ್ತುವುದು ಕಷ್ಟ. ಸಲೀಸಾಗಿ ಓದುವ ಶಕ್ತಿ ಬರಬೇಕಾದರೆ ಸುಲಭವಾದ, ಇಷ್ಟವಾದ ಪುಟಗಳನ್ನು ಹೇರಳವಾಗಿ ಓದಬೇಕು. ಒಂದು ವರ್ಷದ ಕನ್ನಡ ಪಠ್ಯಪುಸ್ತಕದಲ್ಲಿ ಅಷ್ಟು ಪುಟಗಳಿರುವುದಿಲ್ಲ.

ನಮ್ಮ ಭಾಗಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ನಮ್ಮ ಮಕ್ಕಳು ಮನೆಯಲ್ಲಿ ‘ಅಪ್ಪ ಹೊಲಕ್ಕ ಹೋಗ್ಯಾನ’ ಎನ್ನುತ್ತಾರೆ; ಪುಸ್ತಕದಲ್ಲಿ ‘ಅಪ್ಪ ಹೊಲಕ್ಕೆ ಹೋಗಿದ್ದಾನೆ’ ಎಂದಿರುತ್ತದೆ. ನಿಮ್ಮ ತಾಲ್ಲೂಕಿನ ಕ್ಯಾಂಪುಗಳಲ್ಲಿ, ಅಂದರೆ ವಲಸೆ ಬಂದ ರೈತರ ಊರುಗಳಲ್ಲಿ, ಮನೆಮಾತು ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಪಟ್ಟಣದ ಎಷ್ಟೋ ಓಣಿಗಳಲ್ಲಿ ಉರ್ದು. ಬರವಣಿಗೆಯ ಕನ್ನಡ ಈ ಮಕ್ಕಳ ಕಿವಿಗೆ ಬೀಳುವುದು ಶಾಲೆಯಲ್ಲಿ ಮಾತ್ರ. ಆ ಭಾಷೆ ಅವರಿಗೆ ಪರಿಚಿತವಾಗಬೇಕಾದರೆ ಅದು ವ್ಯಾಕರಣದ ಸೂತ್ರವಾಗಿ ಬಂದರೆ ಸಾಲದು, ಕಥೆಯಾಗಿ ಬರಬೇಕು. ದಿನಕ್ಕೆ ಹತ್ತು ನಿಮಿಷ ನೀವೇ ಒಂದು ಪುಸ್ತಕವನ್ನು ಗಟ್ಟಿಯಾಗಿ, ಭಾವತುಂಬಿ ಓದಿ ಹೇಳಿ. ಅದಾದ ಮೇಲೆ ಅದೇ ಪುಸ್ತಕವನ್ನು ಮಕ್ಕಳ ಕೈಗೆ ಸಿಗುವಂತೆ ಇಟ್ಟು ನೋಡಿ. ಮೊದಲು ಖಾಲಿಯಾಗುವುದು ಅದೇ ಪುಸ್ತಕ. ಗಣಿತದಲ್ಲಿ ಮಕ್ಕಳು ಸೋಲುವುದು ಅನೇಕ ವೇಳೆ ಲೆಕ್ಕದಲ್ಲಿ ಅಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಕೂಡಿಸು, ಕಳೆ ಎಂದರೆ ಥಟ್ಟನೆ ಮಾಡುವ ಮಗು, ‘ವ್ಯಾಪಾರಿಯು ಮಾರಿದ ನಂತರ ಉಳಿದ ಮೂಟೆಗಳೆಷ್ಟು’ ಎಂಬ ವಾಕ್ಯದ ಮುಂದೆ ಸುಮ್ಮನೆ ಕುಳಿತುಬಿಡುತ್ತದೆ.

ಐದನೆಯ ತರಗತಿಯ ಒಬ್ಬ ಹುಡುಗಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದ್ದಾಳೆ. ತರಗತಿಯಲ್ಲಿ ಓದಲು ಎಬ್ಬಿಸಿದರೆ ಅವಳ ಕಣ್ಣಲ್ಲಿ ನೀರು ಬರುತ್ತಿತ್ತು. ಹಾವುಗಳ ಬಗ್ಗೆ ಇದ್ದ ಇಪ್ಪತ್ತನಾಲ್ಕು ಪುಟದ ಚಿತ್ರಪುಸ್ತಕವೊಂದನ್ನು ಅವಳು ಮೂರು ವಾರ ಬಿಡದೆ ಮತ್ತೆ ಮತ್ತೆ ಮನೆಗೆ ಒಯ್ದಳು. ಅವಳ ಅಜ್ಜಿಗೆ ಹೊಲದಲ್ಲಿ ಒಮ್ಮೆ ಹಾವು ಕಚ್ಚಿತ್ತಂತೆ. ಯಾವ ಹಾವು ವಿಷದ್ದು, ಯಾವುದು ಅಲ್ಲ ಎಂಬುದನ್ನು ಮೊಮ್ಮಗಳು ರಾತ್ರಿ ಓದಿ ಹೇಳಬೇಕಿತ್ತು. ಪುಸ್ತಕ ಮರಳಿ ಬಂದಾಗ ‘ಮಂಡಲದ ಹಾವು’ ಎಂಬ ಪುಟದ ಅಂಚಿನಲ್ಲಿ ಎಣ್ಣೆಯ ಬೆರಳಚ್ಚು ಇತ್ತು, ಬೆನ್ನಿನ ಅಂಟು ಬಿಟ್ಟಿತ್ತು. ಅದನ್ನು ನಾವು ದಬ್ಬಣ ಹಾಕಿ ದಾರದಿಂದ ಎರಡು ಸಲ ಹೊಲಿದೆವು. ಅದೇ ಅಲ್ಮೇರಾದಲ್ಲಿ ಅದರ ಪಕ್ಕಕ್ಕಿದ್ದ ದಪ್ಪ ರಟ್ಟಿನ ಪುಸ್ತಕದ ದಿನಾಂಕದ ಚೀಟಿಯಲ್ಲಿ ಹನ್ನೊಂದು ವರ್ಷವಾದರೂ ಒಂದೂ ಮುದ್ರೆ ಬಿದ್ದಿರಲಿಲ್ಲ. ಈ ಎರಡರಲ್ಲಿ ಹಾಳಾದ ಪುಸ್ತಕ ಯಾವುದು ಎಂದು ನಿಮ್ಮ ಮುಖ್ಯಗುರುಗಳನ್ನು ಸೌಜನ್ಯದಿಂದ ಕೇಳಿ.

ಅವರ ಭಯ ಅರ್ಥವಾಗದ್ದೇನಲ್ಲ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದೇ ‘ಪುಸ್ತಕಗಳಿರುವುದು ಬಳಕೆಗಾಗಿ’ ಎಂಬುದು. ಹಿಂದಿನ ಕಾಲದ ಯುರೋಪಿನಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಕಪಾಟಿಗೆ ಬಿಗಿದಿಡುತ್ತಿದ್ದ ಪದ್ಧತಿಯನ್ನು ಅವರು ಈ ಸೂತ್ರವನ್ನು ವಿವರಿಸುವಾಗ ನೆನಪಿಸುತ್ತಾರೆ. ನಮ್ಮಲ್ಲಿ ಸರಪಳಿಯ ಬದಲು ಕೀಲಿ ಇದೆ, ಅಷ್ಟೇ. ಭಯಕ್ಕೆ ಪರಿಹಾರ ಲೆಕ್ಕವನ್ನು ಚೊಕ್ಕವಾಗಿ ಇಡುವುದರಲ್ಲಿದೆ. ಪ್ರತಿ ಪುಸ್ತಕಕ್ಕೂ ದಾಸ್ತಾನು ವಹಿಯ ಕ್ರಮಸಂಖ್ಯೆ ಬರೆಯಿರಿ. ವಿತರಣಾ ವಹಿಯನ್ನು ಆರು, ಏಳನೆಯ ತರಗತಿಯ ಇಬ್ಬರು ಮಕ್ಕಳೇ ಬರೆಯಲಿ. ನಾನು ಕಂಡಂತೆ ಅವರು ನಮಗಿಂತ ಕಟ್ಟುನಿಟ್ಟು. ವರ್ಷದ ಕೊನೆಯಲ್ಲಿ ಎಲ್ಲವನ್ನೂ ಎಣಿಸಿ, ಹರಿದ ಮತ್ತು ಕಳೆದ ಪುಸ್ತಕಗಳ ಪಟ್ಟಿಯನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ಮುಂದಿಟ್ಟು ನಡಾವಳಿಯಲ್ಲಿ ಬರೆಸಿರಿ. ತಪಾಸಣೆಗೆ ಬಂದವರ ಮುಂದೆ ಕಾರಣಸಹಿತ ಬರೆದ ನಡಾವಳಿಯನ್ನು ಇಟ್ಟ ಶಾಲೆಯು ಮುಜುಗರಕ್ಕೆ ಒಳಗಾದುದನ್ನು ನನ್ನ ಸೇವೆಯಲ್ಲಿ ನಾನು ನೋಡಿಲ್ಲ. ಮಕ್ಕಳ ಶಿಕ್ಷಣ ಹಕ್ಕು ಕಾಯ್ದೆ, 2009ರ ಅನುಸೂಚಿಯು ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ಅದು ವೃತ್ತಪತ್ರಿಕೆ, ನಿಯತಕಾಲಿಕೆ ಮತ್ತು ಕಥೆಪುಸ್ತಕಗಳೂ ಸೇರಿದಂತೆ ಎಲ್ಲ ವಿಷಯಗಳ ಪುಸ್ತಕಗಳನ್ನು ಒದಗಿಸಬೇಕು ಎನ್ನುತ್ತದೆ. ಒದಗಿಸುವುದೆಂದರೆ ಮಗುವಿನ ಕೈಗೆ ಮುಟ್ಟಿಸುವುದು ಎಂದೇ ನಾನು ಓದಿಕೊಳ್ಳುತ್ತೇನೆ.

ಅಂಕಗಳ ವಿಚಾರ. ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಕೀತ್ ಕರಿ ಲ್ಯಾನ್ಸ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚು ಪುಸ್ತಕ ಮತ್ತು ಹೆಚ್ಚು ಸಿಬ್ಬಂದಿ ಇರುವ ಗ್ರಂಥಾಲಯಗಳ ಶಾಲೆಗಳಲ್ಲಿ ಮಕ್ಕಳ ಓದಿನ ಅಂಕಗಳು ಹೆಚ್ಚಿದ್ದುದು ಕಂಡುಬಂದಿತು. ಎರಡೂ ಜೊತೆಯಾಗಿ ಕಂಡಮಾತ್ರಕ್ಕೆ ಒಂದೇ ಇನ್ನೊಂದಕ್ಕೆ ಪೂರ್ಣ ಕಾರಣ ಎನ್ನಲಾಗದು, ಅಲ್ಲಿಯ ಸ್ಥಿತಿಯೂ ನಮ್ಮದಲ್ಲ. ಆದರೆ ಆ ಅಧ್ಯಯನದಲ್ಲಿ ಪುಸ್ತಕಗಳ ಜೊತೆಗೆ ಅವುಗಳನ್ನು ಮಕ್ಕಳಿಗೆ ತಲುಪಿಸುವ ವ್ಯಕ್ತಿಯೂ ಲೆಕ್ಕಕ್ಕೆ ಬಂದದ್ದನ್ನು ಗಮನಿಸಿ. ಅಲ್ಮೇರಾ ತಾನಾಗಿ ಏನನ್ನೂ ಕಲಿಸುವುದಿಲ್ಲ. ನಿಮ್ಮ ಶಾಲೆಯಲ್ಲಿ ಆ ವ್ಯಕ್ತಿ ನೀವೇ ಆಗಬೇಕಾದೀತು.

ಪ್ರಶ್ನೆ: ನಾನು ದೇವದುರ್ಗ ತಾಲ್ಲೂಕಿನ ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿ ಓದುತ್ತಿದ್ದೇನೆ. ವೇಳಾಪಟ್ಟಿಯಲ್ಲಿ ಗ್ರಂಥಾಲಯ ಅವಧಿ ಇದೆ, ಆದರೆ ಅದರಲ್ಲಿ ಗಣಿತದ ತರಗತಿ ನಡೆಯುತ್ತದೆ. ಪ್ರಾಜೆಕ್ಟ್‌ಗೆ ಬೇಕಾದುದನ್ನು ಮೊಬೈಲ್‌ನಲ್ಲಿ ಹುಡುಕಿ ಬರೆಯುತ್ತೇವೆ. ಪುಸ್ತಕ ನೋಡಿ ಬರೆದರೆ ಏನು ವ್ಯತ್ಯಾಸವಾಗುತ್ತದೆ?
— ಒಬ್ಬ ವಿದ್ಯಾರ್ಥಿನಿ

ಉತ್ತರ: ನೀನು ಇದನ್ನು ಕೇಳಿದ್ದು ನನಗೆ ಬಹಳ ಸಂತೋಷ ತಂದಿತು. ವ್ಯತ್ಯಾಸ ಪುಸ್ತಕ, ಮೊಬೈಲ್ ಎಂಬುದರಲ್ಲಿ ಅಷ್ಟಾಗಿ ಇಲ್ಲ. ಒಂದೇ ಕಡೆ ಸಿಕ್ಕಿದ್ದನ್ನು ಹಾಗೆಯೇ ಇಳಿಸಿಕೊಳ್ಳುವುದಕ್ಕೂ ಎರಡು ಮೂರು ಕಡೆ ನೋಡಿ, ಹೋಲಿಸಿ, ನಿನ್ನ ಮಾತಿನಲ್ಲಿ ಬರೆಯುವುದಕ್ಕೂ ಇರುವ ವ್ಯತ್ಯಾಸ ಅದು. ನಿನ್ನ ಜಿಲ್ಲೆಯದೇ ಉದಾಹರಣೆ ತೆಗೆದುಕೊ. ಮಸ್ಕಿಯ ಶಾಸನವನ್ನು ಇತಿಹಾಸದ ಪಾಠದಲ್ಲಿ ಎರಡು ಸಾಲು ಓದಿರುತ್ತೀಯೆ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಎಂಜಿನಿಯರ್ ಒಬ್ಬರ ಕಣ್ಣಿಗೆ ಅದು ಬಿತ್ತು; ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದು ಇತ್ತೇ ಹೊರತು ರಾಜನ ಹೆಸರಿರಲಿಲ್ಲ, ಮಸ್ಕಿಯಲ್ಲಿ ಆ ಬಿರುದಿನ ಜೊತೆಗೆ ‘ಅಶೋಕ’ ಎಂಬ ಹೆಸರೂ ಇತ್ತು. ಇಷ್ಟನ್ನು ತಿಳಿದ ಕೂಡಲೇ ನಿನಗೆ ಪ್ರಶ್ನೆಗಳು ಏಳುತ್ತವೆ. ಹೆಸರಿಲ್ಲದೆ ಅವನು ಯಾರೆಂದು ಮೊದಲು ಹೇಗೆ ಊಹಿಸಿದ್ದರು? ಪಾಟಲಿಪುತ್ರದ ರಾಜ ಇಲ್ಲಿಯ ಬಂಡೆಯ ಮೇಲೆ ಏಕೆ ಬರೆಸಿದ? ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುವಿನಲ್ಲೂ ಅವನ ಶಾಸನಗಳಿವೆಯಲ್ಲ, ಅವುಗಳಲ್ಲಿ ಏನಿದೆ? ಈ ಪ್ರಶ್ನೆಗಳನ್ನು ಹಿಡಿದು ಅಲ್ಮೇರಾದ ಮುಂದೆ ನಿಂತಾಗ ನೀನು ಪುಸ್ತಕದ ಪರಿವಿಡಿ ನೋಡುವುದನ್ನು, ಕೊನೆಯ ಪುಟಗಳ ಪದಸೂಚಿಯಲ್ಲಿ ಬೇಕಾದ ಪುಟ ಹುಡುಕುವುದನ್ನು, ನಕಾಶೆಯನ್ನು ಓದುವುದನ್ನು ಕಲಿಯುತ್ತೀಯೆ. ಹೀಗೆ ಹುಡುಕುವುದನ್ನು ಕಲಿತವರಿಗೆ ಮೊಬೈಲ್ ಕೂಡ ಒಳ್ಳೆಯ ಸಾಧನವಾಗುತ್ತದೆ.

ಗ್ರಂಥಾಲಯದಲ್ಲಿ ಹಳೆಯ ವೃತ್ತಪತ್ರಿಕೆಗಳನ್ನು ಜೋಪಾನವಾಗಿ ಇಟ್ಟಿದ್ದರೆ ಅವೂ ಪಾಠವೇ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರೆಸ್ಟ್ ಗೇಟ್‌ಗಳ ಪೈಕಿ 19ನೆಯದರ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋದಾಗ, ನನಗೆ ಪರಿಚಯದ ಶಾಲೆಯೊಂದರ ಮಕ್ಕಳು ಸುಮಾರು ಒಂದು ವಾರ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ (ಗೇಟಿನ ಬದಲಿಗೆ ಹಾಕುವ ತಾತ್ಕಾಲಿಕ ತಡೆ) ಇಳಿಸಿ ನೀರು ನಿಲ್ಲಿಸುವವರೆಗೂ, ಪ್ರತಿದಿನದ ಸುದ್ದಿಯನ್ನು ಕತ್ತರಿಸಿ ಒಂದು ನೋಟ್‌ಬುಕ್ಕಿಗೆ ಅಂಟಿಸಿದರು. ಕ್ಯೂಸೆಕ್, ಟಿಎಂಸಿ ಎಂದರೆ ಏನು ಎಂದು ಹುಡುಕಿ ಪಕ್ಕದಲ್ಲಿ ಬರೆದರು. ಅವರ ಮನೆಗಳಲ್ಲಿ ಆ ವಾರವೆಲ್ಲ ಎರಡನೆಯ ಬೆಳೆಗೆ ನೀರು ಸಿಗುತ್ತದೋ ಇಲ್ಲವೋ ಎಂಬುದೇ ಮಾತಾಗಿದ್ದರಿಂದ ಆ ಶಬ್ದಗಳನ್ನು ಅವರು ಮತ್ತೆ ಮರೆಯುವ ಸಂಭವವಿಲ್ಲ.

ಅವಧಿಯ ಬಗ್ಗೆ: ನಿಮ್ಮ ಗಣಿತದ ಶಿಕ್ಷಕರು ಎಸ್ಸೆಸ್ಸೆಲ್ಸಿ ಫಲಿತಾಂಶದ ಒತ್ತಡದಿಂದ ಹಾಗೆ ಮಾಡುತ್ತಿರಬಹುದು, ಅದನ್ನು ತಪ್ಪಾಗಿ ತಿಳಿಯಬೇಡ. ನೀವು ನಾಲ್ಕೈದು ಮಂದಿ ಸೇರಿ, ತಿಂಗಳಿಗೆ ಎರಡು ಅವಧಿಯನ್ನಾದರೂ ಬಿಟ್ಟುಕೊಡಿ ಎಂದು ತರಗತಿಯ ಶಿಕ್ಷಕರಲ್ಲಿ ಬರಹದಲ್ಲಿ ಕೇಳಿರಿ, ಮತ್ತು ಆ ಅವಧಿಯಲ್ಲಿ ಏನು ಮಾಡುತ್ತೀರಿ ಎಂಬುದನ್ನೂ ಅದರಲ್ಲೇ ಬರೆಯಿರಿ.

ಪ್ರಶ್ನೆ: ಸಿರುಗುಪ್ಪ ತಾಲ್ಲೂಕಿನ ನಮ್ಮ ಊರಿನ ಶಾಲೆಗೆ ಹಳೆಯ ವಿದ್ಯಾರ್ಥಿಗಳು ಪುಸ್ತಕಕ್ಕೆಂದು 15,000 ರೂಪಾಯಿ ಕೊಟ್ಟಿದ್ದಾರೆ. ಅಂಗಡಿಯವರೊಬ್ಬರು ಅಷ್ಟಕ್ಕೂ ಒಂದೇ ಕಟ್ಟು ಮಾಡಿ ಕಳುಹಿಸುತ್ತೇವೆ ಎನ್ನುತ್ತಾರೆ. ನಮ್ಮಲ್ಲಿ ಅರ್ಧ ಮಕ್ಕಳ ಮನೆಮಾತು ತೆಲುಗು. ಏನನ್ನು ಕೊಳ್ಳಬೇಕು?
— ಎಸ್‌ಡಿಎಂಸಿ ಅಧ್ಯಕ್ಷರು

ಉತ್ತರ: ದಯವಿಟ್ಟು ಕಣ್ಣಾರೆ ನೋಡದ ಕಟ್ಟನ್ನು ಕೊಳ್ಳಬೇಡಿ. ಅಂಥ ಕಟ್ಟುಗಳನ್ನು ನಾನು ಬಿಚ್ಚಿ ನೋಡಿದ್ದೇನೆ: ಸಣ್ಣ ಅಕ್ಷರದ ಜೀವನಚರಿತ್ರೆಗಳು, ಸಾಮಾನ್ಯ ಜ್ಞಾನದ ಪ್ರಶ್ನೋತ್ತರಗಳು, ದೊಡ್ಡವರಿಗಾಗಿ ಬರೆದ ವ್ಯಕ್ತಿತ್ವ ವಿಕಸನದ ಪುಸ್ತಕಗಳು. ಅವುಗಳಲ್ಲಿ ಎರಡನೆಯ ತರಗತಿಯ ಮಗು ಓದಬಹುದಾದ ಒಂದೇ ಒಂದು ಪುಸ್ತಕವೂ ಇಲ್ಲದ ಉದಾಹರಣೆ ಇದೆ. ನಾಲ್ಕು ಮತ್ತು ಆರನೆಯ ತರಗತಿಯ ಇಬ್ಬರು ಮೂವರು ಮಕ್ಕಳನ್ನು ಒಬ್ಬ ಶಿಕ್ಷಕರ ಜೊತೆ ಬಳ್ಳಾರಿಗೆ ಕರೆದೊಯ್ದು ಅವರಿಂದಲೇ ಆಯ್ಕೆ ಮಾಡಿಸಿ. ಪುಸ್ತಕದ ನಡುವಿನ ಒಂದು ಪುಟವನ್ನು ಮಗು ಓದಲಿ, ತಿಳಿಯದ ಶಬ್ದ ಬಂದಾಗಲೆಲ್ಲ ಒಂದು ಬೆರಳು ಮಡಚಲಿ. ಐದೂ ಬೆರಳು ಮಡಚಿದರೆ ಆ ಪುಸ್ತಕ ಸದ್ಯಕ್ಕೆ ಅವನಿಗೆ ಕಷ್ಟ ಎಂದರ್ಥ.

ಹಣದ ಹೆಚ್ಚಿನ ಭಾಗವನ್ನು ದೊಡ್ಡ ಅಕ್ಷರದ, ಚಿತ್ರವಿರುವ, ಹದಿನಾರರಿಂದ ಮೂವತ್ತೆರಡು ಪುಟದ ತೆಳು ಪುಸ್ತಕಗಳಿಗೆ ಇಡಿ. ಒಳ್ಳೆಯವಾದರೆ ಮೂರು ಮೂರು ಪ್ರತಿ ತನ್ನಿ, ಗೆಳೆಯರು ಒಟ್ಟಿಗೆ ಓದುತ್ತಾರೆ. 1957ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಬುಕ್ ಟ್ರಸ್ಟ್, 2004ರಲ್ಲಿ ಆರಂಭವಾದ ಬೆಂಗಳೂರಿನ ಪ್ರಥಮ್ ಬುಕ್ಸ್, ಹಾಗೆಯೇ ನವಕರ್ನಾಟಕ ಪ್ರಕಾಶನ ಕಡಿಮೆ ಬೆಲೆಗೆ ಮಕ್ಕಳ ಪುಸ್ತಕಗಳನ್ನು ಕೊಡುತ್ತವೆ. ಪ್ರಥಮ್ ಬುಕ್ಸ್‌ನವರ ಅನೇಕ ಕಥೆಗಳು ಕನ್ನಡದಲ್ಲೂ ತೆಲುಗಿನಲ್ಲೂ ಇರುವುದು ನಿಮಗೆ ವರವಾಗಬಲ್ಲದು. ಒಂದೇ ಕಥೆಯನ್ನು ಎರಡೂ ಭಾಷೆಯಲ್ಲಿ ತಂದಿಟ್ಟರೆ ಮಗು ಶಾಲೆಯಲ್ಲಿ ಕನ್ನಡದಲ್ಲಿ ಓದಿದ್ದನ್ನು ಮನೆಯಲ್ಲಿ ಅಮ್ಮನೋ ಅಜ್ಜಿಯೋ ತೆಲುಗಿನಲ್ಲಿ ಓದಿ ಹೇಳಬಹುದು. ಎರಡು ಲಿಪಿಗಳೂ ಒಂದೇ ಮೂಲದವಾಗಿ ಬಹಳ ಹೋಲುವುದರಿಂದ ಚುರುಕಾದ ಮಕ್ಕಳು ತಾವೇ ಎರಡನ್ನೂ ಓದತೊಡಗುತ್ತಾರೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಮಕ್ಕಳ ಮಾಸಪತ್ರಿಕೆಗೆ ಚಂದಾ ಕಟ್ಟಿ. ಸಮಗ್ರ ಶಿಕ್ಷಾ ಯೋಜನೆಯಲ್ಲಿ ಶಾಲೆಯ ಹಂತಕ್ಕೆ ಅನುಗುಣವಾಗಿ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯ ಅನುದಾನಕ್ಕೆ ಅವಕಾಶವಿದೆ. ಅದು ಬಂದಾಗಲೂ ಇದೇ ರೀತಿ ಕೊಳ್ಳಿ.

ಇಡುವ ರೀತಿಯೂ ಮುಖ್ಯ. ಪುಸ್ತಕದ ಬೆನ್ನು ಕಂಡರೆ ಸಣ್ಣ ಮಕ್ಕಳ ಕೈ ಮುಂದಾಗುವುದಿಲ್ಲ, ಮುಖಪುಟ ಕಾಣಬೇಕು. ತರಗತಿಯ ಗೋಡೆಗೆ ಮಗುವಿನ ಎದೆಯೆತ್ತರಕ್ಕೆ ಎರಡು ಹಗ್ಗ ಕಟ್ಟಿ ಪುಸ್ತಕಗಳನ್ನು ತೂಗುಹಾಕಿದರೆ ಸಾಕು. ಅಲ್ಮೇರಾ ಇದ್ದರೆ ಗೋಡೆಯಿಂದ ಒಂದು ಗೇಣು ದೂರವಿಡಿ. ಎರೆಮಣ್ಣಿನ ಊರುಗಳಲ್ಲಿ ಬಿರುಕು ಬಿಟ್ಟ ಗೋಡೆಯ ಮೂಲಕವೇ ಗೆದ್ದಲು ಹತ್ತುತ್ತದೆ. ಬೇಸಿಗೆ ರಜೆಗೆ ಮುಚ್ಚಿಟ್ಟ ಪುಸ್ತಕಗಳನ್ನು ಜೂನ್‌ನಲ್ಲಿ ಮಣ್ಣಿನ ಮುದ್ದೆಯಾಗಿ ಹೊರತೆಗೆದ ದುಃಖ ನನಗೆ ಗೊತ್ತು. ರಜೆಗೆ ಅವುಗಳನ್ನು ಮಕ್ಕಳ ಮನೆಗೇ ಹಂಚಿಬಿಡುವುದು ಅದಕ್ಕಿಂತ ಸುರಕ್ಷಿತ.

ಪ್ರಶ್ನೆ: ಏಳನೆಯ ತರಗತಿಯ ನನ್ನ ಮಗಳು ಶಾಲೆಯಿಂದ ಕಥೆಪುಸ್ತಕ ತಂದು ಅದರಲ್ಲೇ ಮುಳುಗಿರುತ್ತಾಳೆ. ಅಭ್ಯಾಸ ಹಾಳಾಗುವುದಿಲ್ಲವೇ?
— ತಂದೆಯೊಬ್ಬರು, ಕೊಪ್ಪಳ

ಉತ್ತರ: ನಿಮ್ಮ ಕಾಳಜಿ ಸಹಜ, ಆದರೆ ಈ ವಿಷಯದಲ್ಲಿ ತಾವು ನಿಶ್ಚಿಂತೆಯಿಂದ ಇರಬಹುದು. ಮನೆಗೆಲಸಕ್ಕೊಂದು ಹೊತ್ತು, ಪುಸ್ತಕಕ್ಕೊಂದು ಹೊತ್ತು ಎಂದು ಗೊತ್ತುಮಾಡಿಕೊಟ್ಟರೆ ಸಾಕು. ರಾತ್ರಿ ಊಟದ ಹೊತ್ತಿನಲ್ಲಿ ‘ಇವತ್ತು ಏನು ಓದಿದೆ, ಹೇಳವ್ವಾ’ ಎಂದು ಕೇಳಿ; ಹೇಳುತ್ತ ಹೋದಂತೆ ಓದಿದ್ದನ್ನು ಕ್ರಮವಾಗಿ ಜೋಡಿಸಿ ಹೇಳುವುದು ಅವಳಿಗೆ ರೂಢಿಯಾಗುತ್ತದೆ, ಪರೀಕ್ಷೆಯ ದೀರ್ಘ ಉತ್ತರಗಳಿಗೆ ಬೇಕಾದುದೂ ಅದೇ. ಶಾಲೆಯ ಪುಸ್ತಕ ಮುಗಿದರೆ ಹತ್ತಿರದ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಕಳುಹಿಸಿ. 2020ರ ನವೆಂಬರ್‌ನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಆ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ.

ಪ್ರಶ್ನೆ: ಲಿಂಗಸುಗೂರು ತಾಲ್ಲೂಕಿನ ನಮ್ಮ ಶಾಲೆಯ ಹಲವು ಮಕ್ಕಳು ಸುಗ್ಗಿ ಮುಗಿದ ಮೇಲೆ ತಂದೆತಾಯಿಯ ಜೊತೆ ಗುಳೆ ಹೋಗುತ್ತಾರೆ. ತಿಂಗಳುಗಟ್ಟಲೆ ಬರುವುದಿಲ್ಲ. ಅವರಿಗೆ ಗ್ರಂಥಾಲಯದ ಪುಸ್ತಕ ಕೊಟ್ಟು ಕಳುಹಿಸಬಹುದೇ?
— ಒಬ್ಬ ಶಿಕ್ಷಕರು

ಉತ್ತರ: ಖಂಡಿತ ಕೊಡಿ. ಓದು ಕೂಡಿಬಂದ ಮಗು ಕೂಡ ನಾಲ್ಕು ತಿಂಗಳು ಅಕ್ಷರ ನೋಡದಿದ್ದರೆ ಹಿಂದೆ ಬೀಳುತ್ತದೆ, ಮರಳಿ ಬಂದಾಗ ಪಾಠ ಮುಂದೆ ಹೋಗಿರುತ್ತದೆ, ನಾಚಿಕೆಯಿಂದ ಶಾಲೆಯನ್ನೇ ಬಿಡುತ್ತದೆ. ಹೊರಡುವ ಸುದ್ದಿ ತಿಳಿದ ದಿನವೇ ಎರಡು ಮೂರು ತೆಳು ಪುಸ್ತಕಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಡಿ. ವಹಿಯಲ್ಲಿ ಮರಳಿಸುವ ದಿನಾಂಕದ ಬದಲು ‘ಗುಳೆಯಿಂದ ಬಂದಾಗ’ ಎಂದು ಬರೆಯಿರಿ. ಹೆಚ್ಚಿನ ಕುಟುಂಬಗಳು ಯುಗಾದಿಗೋ ಮೊಹರಂಗೋ ಊರಿಗೆ ಬಂದೇ ಬರುತ್ತವೆ, ಆಗ ಹಳೆಯದನ್ನು ಪಡೆದು ಹೊಸದನ್ನು ಕೊಡಬಹುದು. ತಂದೆಯ ಮೊಬೈಲ್‌ಗೆ ವಾರಕ್ಕೊಮ್ಮೆ ಕರೆ ಮಾಡಿ ಒಂದು ಪುಟ ಓದಿಸಿ ಕೇಳಿದರೆ ಇನ್ನೂ ಒಳಿತು.

ನಾನು ಹೀಗೆ ಕೊಟ್ಟ ಪುಸ್ತಕಗಳಲ್ಲಿ ಕೆಲವು ಮರಳಲಿಲ್ಲ. ಬೆಂಗಳೂರಿನ ಕಟ್ಟಡವೊಂದರ ಕೆಲಸದ ಜಾಗದಿಂದ ಐದು ತಿಂಗಳ ಮೇಲೆ ಮರಳಿದ ಒಂದು ಪುಸ್ತಕದ ತುಂಬ ಸಿಮೆಂಟಿನ ಧೂಳು ಇತ್ತು. ಅದರ ಕೊನೆಯ ಖಾಲಿ ಹಾಳೆಯಲ್ಲಿ ನಾಲ್ಕನೆಯ ತರಗತಿಯ ಆ ಹುಡುಗ ಇನ್ನೂ ಶಾಲೆಗೆ ಸೇರದ ತನ್ನ ತಂಗಿಗಾಗಿ ಅ, ಆ, ಇ, ಈ ಎಂದು ಬರೆದುಕೊಟ್ಟಿದ್ದ. ಕೆಳಗೆ ಅವಳು ತಿದ್ದಿದ ಸೊಟ್ಟ ಅಕ್ಷರಗಳಿದ್ದವು. ಗ್ರಂಥಾಲಯದ ಪುಸ್ತಕದಲ್ಲಿ ಬರೆಯಬಾರದೆಂಬ ನಿಯಮವನ್ನು ನಾನೇ ಗೋಡೆಗೆ ಬರೆಸಿದ್ದೆ. ಆ ಹಾಳೆಯನ್ನು ಕೀಳದೆ, ಧೂಳು ಒರೆಸಿ, ಪುಸ್ತಕವನ್ನು ಹಾಗೆಯೇ ಮತ್ತೆ ವಿತರಣೆಗೆ ಇಟ್ಟೆ.